ಓಎಫ್‌ಡಿಎಂನಲ್ಲಿ ಸಬ್‌ಕ್ಯಾರಿಯರ್‌ಗಳ ಹಸ್ತಕ್ಷೇಪ ತಗ್ಗಿಸಿದ ಬಗೆ

ದಾವಣಗೆರೆಯ ನಮ್ಮ ಪ್ರಯೋಗಾಲಯದಲ್ಲಿ ಎರಡು ಎಸ್‌ಡಿಆರ್ (ತಂತ್ರಾಂಶದಿಂದ ನಡೆಯುವ ರೇಡಿಯೊ) ಬೋರ್ಡ್‌ಗಳ ನಡುವೆ 2.4 ಗಿಗಾಹರ್ಟ್ಸ್‌ನಲ್ಲಿ ಓಎಫ್‌ಡಿಎಂ ಸಂಪರ್ಕ (ದತ್ತಾಂಶವನ್ನು ಸಬ್‌ಕ್ಯಾರಿಯರ್‌ಗಳೆಂಬ ಹಲವು ಅಕ್ಕಪಕ್ಕದ ಆವರ್ತನಗಳಲ್ಲಿ ಹಂಚಿ ಕಳುಹಿಸುವ ಬಗೆ) ಕಟ್ಟಿದಾಗ, ಸೆಕೆಂಡಿಗೆ ಹತ್ತು ಲಕ್ಷ ಸ್ಯಾಂಪಲ್ ಮತ್ತು 64 ಬಿಂದುಗಳ ಎಫ್‌ಎಫ್‌ಟಿ (ಗ್ರಾಹಕದಲ್ಲಿ ಸಬ್‌ಕ್ಯಾರಿಯರ್‌ಗಳನ್ನು ಬೇರ್ಪಡಿಸುವ ಲೆಕ್ಕಾಚಾರ) ಆರಿಸಿಕೊಂಡಿದ್ದೆ. ಆಗ ಸಬ್‌ಕ್ಯಾರಿಯರ್‌ಗಳ ನಡುವಿನ ಅಂತರ 15.625 ಕಿಲೋಹರ್ಟ್ಸ್. ಎರಡು ಬೋರ್ಡ್‌ಗಳ ಆಸಿಲೇಟರ್‌ಗಳಲ್ಲಿ (ಆವರ್ತನ ಹುಟ್ಟಿಸುವ ಭಾಗಗಳಲ್ಲಿ) ಕೇವಲ 1 ಪಿಪಿಎಂ (ಹತ್ತು ಲಕ್ಷದಲ್ಲಿ ಒಂದು ಪಾಲು) ವ್ಯತ್ಯಾಸವಿದ್ದರೂ ಅದು 2,400 ಹರ್ಟ್ಸ್, ಅಂದರೆ ಆ ಅಂತರದ ಸುಮಾರು ಶೇ. 15 ಆಗುತ್ತದೆ; ಅಷ್ಟಕ್ಕೇ ಸಬ್‌ಕ್ಯಾರಿಯರ್‌ಗಳು ಒಂದರೊಳಗೊಂದು ಸೋರಿ, ಉಪಯುಕ್ತ ಸಂಕೇತ ಆ ಹಸ್ತಕ್ಷೇಪಕ್ಕಿಂತ 11 ಡಿಬಿಯಷ್ಟು (ಡೆಸಿಬೆಲ್) ಮಾತ್ರ ಮೇಲುಳಿದು, 16-ಕ್ಯೂಎಎಂ ಚುಕ್ಕೆಗಳು (ದತ್ತಾಂಶವನ್ನು ಸೂಚಿಸುವ 16 ಸ್ಥಾನಗಳು) ಒಂದರೊಳಗೊಂದು ಬೆರೆಯುತ್ತವೆ.

ಪರದೆಯ ಮೇಲಿನ ಆ ಚುಕ್ಕೆಗಳನ್ನು ಸರಿಯಾಗಿ ಓದುವುದೇ ಇಲ್ಲಿ ಮುಖ್ಯ. ಇಡೀ ಚಿತ್ರ ಒಟ್ಟಾಗಿ ತಿರುಗಿದರೆ ಅದು ಎಲ್ಲ ಸಬ್‌ಕ್ಯಾರಿಯರ್‌ಗಳಿಗೂ ಸಮಾನವಾದ ಫೇಸ್ ದೋಷ, ಅದನ್ನು ಪೈಲಟ್‌ಗಳಿಂದ (ಗ್ರಾಹಕಕ್ಕೆ ಮೊದಲೇ ಗೊತ್ತಿರುವ ಸಂಕೇತಗಳಿಂದ) ನೇರಗೊಳಿಸಬಹುದು. ಪ್ರತಿ ಚುಕ್ಕೆಯೂ ಮಂಜಿನಂತೆ ಹರಡಿದ್ದರೆ, ಅದಕ್ಕೆ ಗದ್ದಲ ಕಾರಣವಲ್ಲವೆಂದು ಖಚಿತವಾದ ಮೇಲೆ, ನೆರೆಯ ಸಬ್‌ಕ್ಯಾರಿಯರ್‌ಗಳ ಶಕ್ತಿ ಸೋರಿ ಬರುತ್ತಿದೆಯೆಂದೇ ಅರ್ಥ, ಮತ್ತು ಎಫ್‌ಎಫ್‌ಟಿ ಮುಗಿದ ನಂತರ ಪೈಲಟ್‌ಗಳು ಅದನ್ನು ಬೇರ್ಪಡಿಸಲಾರವು. ಆದ್ದರಿಂದ ತಿದ್ದುಪಡಿ ಎಫ್‌ಎಫ್‌ಟಿಗೆ ಮೊದಲೇ ನಡೆಯಬೇಕು.

ಇದಕ್ಕೆ ಶ್ಮಿಡ್ಲ್ ಮತ್ತು ಕಾಕ್ಸ್ 1997ರಲ್ಲಿ ಪ್ರಕಟಿಸಿದ ವಿಧಾನವನ್ನೇ ಬಳಸಿದೆ. ಫ್ರೇಮ್‌ನ (ಒಮ್ಮೆಗೆ ಕಳುಹಿಸುವ ದತ್ತಾಂಶದ ಕಂತೆಯ) ಆರಂಭದಲ್ಲಿ ಎರಡು ಅರ್ಧಗಳೂ ಒಂದೇ ಆಗಿರುವ ಸಿಂಬಲ್, ಅಂದರೆ ಪ್ರಿಯಾಂಬಲ್, ಕಳುಹಿಸಿ, ಗ್ರಾಹಕದಲ್ಲಿ ಆ ಅರ್ಧಗಳ ನಡುವಿನ ಫೇಸ್ ವ್ಯತ್ಯಾಸದಿಂದ ಆವರ್ತನದ ತಪ್ಪನ್ನು ಲೆಕ್ಕಹಾಕಿ, ಮುಂದಿನ ಸ್ಯಾಂಪಲ್‌ಗಳನ್ನು ಅಷ್ಟೇ ಪ್ರಮಾಣದಲ್ಲಿ ಹಿಂದಕ್ಕೆ ತಿರುಗಿಸುತ್ತೇನೆ. ಈ ಅಂದಾಜು ಒಂದು ಸಬ್‌ಕ್ಯಾರಿಯರ್ ಅಂತರದವರೆಗೆ ಮಾತ್ರ ಗೊಂದಲವಿಲ್ಲದೆ ದೊರೆಯುವುದರಿಂದ, 2 ಪಿಪಿಎಂನ ಟಿಸಿಎಕ್ಸ್‌ಒ (ತಾಪಮಾನದ ಪರಿಣಾಮವನ್ನು ಸರಿದೂಗಿಸುವ ಆಸಿಲೇಟರ್) ಇರುವ ಬೋರ್ಡ್‌ಗಳನ್ನೇ ಆರಿಸಿದ್ದೆ. ಉಳಿಕೆ ತಪ್ಪು ಆ ಅಂತರದ ಶೇ. 2ಕ್ಕೆ ಇಳಿದರೆ 11 ಡಿಬಿ ಇದ್ದದ್ದು ಸುಮಾರು 29 ಡಿಬಿಗೆ ಏರುತ್ತದೆ. ನಮ್ಮೂರಿನ ಏಪ್ರಿಲ್ ಬಿಸಿಲಿನಲ್ಲಿ ಆಸಿಲೇಟರ್‌ಗಳ ಆವರ್ತನ ಸರಿಯುವುದರಿಂದ, ಬೆಳಗ್ಗೆ ಅಳೆದ ಮೌಲ್ಯ ಮಧ್ಯಾಹ್ನಕ್ಕೆ ಹೊಂದುವುದಿಲ್ಲ. ಹಾಗಾಗಿ ಪ್ರತಿ ಫ್ರೇಮ್‌ಗೂ ಹೊಸದಾಗಿ ಅಳೆಯುವ ವ್ಯವಸ್ಥೆ ಮಾಡಿದೆ.

ಡಾಪ್ಲರ್ ಬಗ್ಗೆ, ಅಂದರೆ ಚಲನೆಯಿಂದ ಆವರ್ತನ ಬದಲಾಗುವುದರ ಬಗ್ಗೆ, ವಿದ್ಯಾರ್ಥಿಗಳು ಅಗತ್ಯಕ್ಕಿಂತ ಹೆಚ್ಚು ಚಿಂತಿಸುತ್ತಾರೆ. ಹೆದ್ದಾರಿಯ ಬೈಪಾಸ್‌ನಲ್ಲಿ ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಹೋಗುವ ಕಾರಿಗೂ ಈ ಆವರ್ತನದಲ್ಲಿ ಅದು 178 ಹರ್ಟ್ಸ್ ಮಾತ್ರ.

ಝಾವೊ ಮತ್ತು ಹೆಗ್‌ಮನ್ 2001ರಲ್ಲಿ ವಿವರಿಸಿದ ಸ್ವಯಂ ನಿವಾರಣೆಯನ್ನೂ ಅಳವಡಿಸಿ ನೋಡಿದೆ. ಒಂದೇ ದತ್ತಾಂಶವನ್ನು ಅಕ್ಕಪಕ್ಕದ ಎರಡು ಸಬ್‌ಕ್ಯಾರಿಯರ್‌ಗಳಲ್ಲಿ ವಿರುದ್ಧ ಚಿಹ್ನೆಯೊಂದಿಗೆ ಕಳುಹಿಸಿ ಗ್ರಾಹಕದಲ್ಲಿ ಕಳೆದರೆ, ಸೋರಿಕೆಯ ಬಹುಪಾಲು ತಾನಾಗಿ ರದ್ದಾಗುತ್ತದೆ. ಆದರೆ ದತ್ತಾಂಶದ ವೇಗ ಅರ್ಧವಾಗುವ ಆ ಬೆಲೆಯನ್ನು ಎಲ್ಲ ಕಡೆ ತೆರುವುದು ನನಗೆ ಒಪ್ಪಿಗೆಯಾಗಲಿಲ್ಲ. ಫ್ರೇಮ್‌ನ ಹೆಡರ್ ಕೆಟ್ಟರೆ ಇಡೀ ಫ್ರೇಮ್ ವ್ಯರ್ಥವಾಗುವುದರಿಂದ ಅಲ್ಲಿ ಮಾತ್ರ ಅದನ್ನು ಉಳಿಸಿಕೊಂಡೆ, ಉಳಿದ ದತ್ತಾಂಶವನ್ನು ಪ್ರಿಯಾಂಬಲ್‌ನ ತಿದ್ದುಪಡಿಗೇ ಬಿಟ್ಟೆ.