ಒಂದೇ ಮನೆಗೆ ಒಂದು ಕಂಪನಿ: ಬೈ-ಟು-ಲೆಟ್ ಸಾಲದ ನನ್ನ ಅನುಭವ

ಬಾಡಿಗೆಗೆ ಕೊಡೋ ಮನೆಯನ್ನು ಕಂಪನಿ ಹೆಸರಲ್ಲಿ ಕೊಳ್ತೀನಿ ಅಂದಾಗ ಇಲ್ಲಿ ಇಂಗ್ಲೆಂಡಿನ ಗೆಳೆಯರು ನಕ್ಕಿದ್ದರು. ‘ಒಂದು ಮನೆಗೆ ಕಂಪನಿನಾ? ದುಡಿದದ್ದೆಲ್ಲ ಅಕೌಂಟೆಂಟ್‌ಗೇ ಹೋಗುತ್ತೆ ಬಿಡು’ ಅಂದರು. 2021ರ ಮಾತು. ಉತ್ತರ ಇಂಗ್ಲೆಂಡಿನಲ್ಲಿ ಎರಡು ಬೆಡ್‌ರೂಮಿನ ಟೆರೇಸ್ ಮನೆ (ಗೋಡೆಗೆ ಗೋಡೆ ಅಂಟಿದ ಸಾಲುಮನೆ), ಹೆಚ್ಚು ಕಡಿಮೆ 1,90,000 ಪೌಂಡ್. ಕಾಲು ಭಾಗ ಕೈಯಿಂದ, ಉಳಿದ 1,42,500 ಸಾಲ, ಬಡ್ಡಿ ಮಾತ್ರ ಕಟ್ಟೋದು.

ಮೊದಲು ಸ್ವಂತ ಹೆಸರಲ್ಲೇ ಹೋದೆ. ತಿಂಗಳಿಗೆ ಬಾಡಿಗೆ 950 ಬರುತ್ತೆ ಅಂತ ಏಜೆಂಟ್ ಆಸೆ ಹುಟ್ಟಿಸಿದ್ದ. ಮನೆಯ ಬೆಲೆ, ಬಾಡಿಗೆ ಅಂದಾಜು ಮಾಡೋಕೆ ಸಾಲ ಕೊಡೋರ ಕಡೆಯಿಂದ ಸರ್ವೇಯರ್ ಬಂದವನು ಬಾತ್‌ರೂಮಿನ ಮೂಲೆಯ ಕಪ್ಪು ಬೂಷ್ಟನ್ನು ಬೆರಳಲ್ಲಿ ಒರೆಸಿ ನೋಡಿದ. ತೇವ ಅಳೆಯೋ ಮೀಟರನ್ನು ಗೋಡೆಗೆ ಒತ್ತಿದ. ಕಾಲು ಗಂಟೆಯಲ್ಲಿ ಹೊರಟ. ವರದಿಯಲ್ಲಿ ಬಾಡಿಗೆ ಬರೀ 850! ನಾನು 40% ಆದಾಯ ತೆರಿಗೆ ಕಟ್ಟೋನು, ಹಾಗಾಗಿ ಲೆಕ್ಕ 145%, ಅಂದರೆ ಬಾಡಿಗೆ ಬಡ್ಡಿಯ 145% ಇರಬೇಕು. ಆ ಬಡ್ಡಿಯನ್ನೂ ಸ್ಟ್ರೆಸ್ ದರ 5.5%ರಲ್ಲಿ ಎಣಿಸ್ತಾರೆ, ಮುಂದೆ ದರ ಏರಿದರೂ ತಡೆಯುತ್ತಾ ಅಂತ ನೋಡೋಕೆ. ಸಾಲ 1,28,000ಕ್ಕೆ ನಿಂತುಬಿಟ್ಟಿತು. ಕಂಪನಿಗಾದರೆ 125%. ಅದೇ ಬಾಡಿಗೆಗೆ 1,48,000 ಸಿಗುತ್ತೆ. ಮೇಲಾಗಿ 2020ರ ಏಪ್ರಿಲ್‌ನಿಂದ ಸ್ವಂತ ಹೆಸರಲ್ಲಿದ್ದರೆ ಬಡ್ಡಿಗೆ 20% ತೆರಿಗೆ ರಿಯಾಯಿತಿ ಅಷ್ಟೇ. ಕಂಪನಿ ಪೂರ್ತಿ ಬಡ್ಡಿಯನ್ನು ಖರ್ಚಿಗೆ ಹಾಕಬಹುದು.

ಇಲ್ಲೇ ಎಡವಿದೆ. ನನ್ನ ಐಟಿ ಕಾಂಟ್ರ್ಯಾಕ್ಟ್ ಕಂಪನಿ ಇತ್ತಲ್ವಾ, ಅದರ ಹೆಸರಲ್ಲೇ ಅರ್ಜಿ ಹಾಕಿದೆ. ಬೇರೆ ವ್ಯಾಪಾರ ಮಾಡೋ ಕಂಪನಿಗೆ ಕೊಡಲ್ಲ ಅಂದರು ಸಾಲ ಕೊಡೋರು. ಶುಲ್ಕ ಸುಮಾರು 400 ಪೌಂಡ್ ನೀರುಪಾಲು. ಆಮೇಲೆ 12 ಪೌಂಡ್ ಕಟ್ಟಿ ಹೊಸ ಕಂಪನಿ ಮಾಡಿದೆ, ಕೋಡ್ 68209 (ಆಸ್ತಿ ಬಾಡಿಗೆಗೆ ಕೊಡೋ ವ್ಯವಹಾರ ಅಂತ ಗುರುತಿಸೋ ನಂಬರು). ಕೈಯ ದುಡ್ಡನ್ನು ಡೈರೆಕ್ಟರ್ ಸಾಲ ಅಂತ ಕಂಪನಿಗೆ ಕೊಟ್ಟೆ. ಮುಂದೆ ವಾಪಸ್ ತಗೊಂಡರೆ ತೆರಿಗೆ ಇಲ್ಲ. ಕಂಪನಿ ಕಟ್ಟದಿದ್ದರೆ ನಾನು ಕಟ್ತೀನಿ ಅನ್ನೋ ವೈಯಕ್ತಿಕ ಗ್ಯಾರಂಟಿ ಮಾತ್ರ ತಪ್ಪಲಿಲ್ಲ. ಸಾಲಿಸಿಟರ್ (ವಕೀಲರು) ಕೂಡ ಜಾಸ್ತಿ ಕಿತ್ತರು. ಹೆಚ್ಚುವರಿ 3% ಸ್ಟ್ಯಾಂಪ್ ಡ್ಯೂಟಿ 5,700. (ಈಗ ಆ 3% ಹೋಗಿ 5% ಆಗಿದೆ.)

ಎರಡನೇ ಸಲ ಸರ್ವೇಯರ್ ಬರೋ ಮುಂಚೆ ನಾನು ಒಂದು ಕೆಲಸ ಮಾಡಿದ್ದೆ. ಅದನ್ನು ಇಲ್ಲಿ ಹೇಳಲ್ಲ. ಮೋಸವಂತೂ ಅಲ್ಲ. ಬಾಡಿಗೆ ಅಷ್ಟೇ ಬರೆದ, ಆದರೆ ಬೆಲೆ ಒಂದು ಪೌಂಡೂ ಇಳಿಸಲಿಲ್ಲ.

ನಡುವೆ ರೂಮು ರೂಮಾಗಿ ಬಾಡಿಗೆಗೆ ಕೊಡೋ ಹುಚ್ಚೂ ಹಿಡಿದಿತ್ತು. ಕೆಳಗಿನ ಹಾಲನ್ನೂ ರೂಮು ಮಾಡಿದರೆ ಐದು ಜನರನ್ನು ತುಂಬಬಹುದಾ ಅಂತ ಟೇಪು ಹಿಡಿದು ಅಳೆದೆ. ಐದು ಜನ ಅಂದರೆ ಲೈಸೆನ್ಸ್ ಕಡ್ಡಾಯ, ಬೆಂಕಿ ತಡೆಯೋ ಬಾಗಿಲು ಬೇರೆ. ಸುಮ್ನೆ ಟೇಪು ಸುತ್ತಿಟ್ಟೆ.

ಬಡ್ಡಿ ದರ ಬದಲಾಗದ ಐದು ವರ್ಷದ ಫಿಕ್ಸ್, 3.4% ಇರಬೇಕು. ತಿಂಗಳಿಗೆ ಬಡ್ಡಿ 400 ಚಿಲ್ಲರೆ, ಬಾಡಿಗೆ 875ಕ್ಕೆ ಹೋಯಿತು. ‘ಎರಡೇ ವರ್ಷಕ್ಕೆ ಮಾಡು, ಅಗ್ಗ’ ಅಂದವರು 2023ರಲ್ಲಿ ಬ್ಯಾಂಕ್ ಆಫ್ ಇಂಗ್ಲೆಂಡ್ ದರ 5.25% ಮುಟ್ಟಿದಾಗ ಕಂಗಾಲಾದರು. ಆಗ ನಕ್ಕಿದ್ದವರಲ್ಲಿ ಒಬ್ಬ ಫೋನ್ ಮಾಡಿ ಬ್ರೋಕರ್ ನಂಬರ್ ಕೇಳಿದ. ಕೊಟ್ಟೆ, ಎರಡು ದಿನ ಕಾಯಿಸಿ.

ನನ್ನ ಫಿಕ್ಸ್ ಮುಗಿಯೋದು 2026ರಲ್ಲಿ. ಅಷ್ಟರೊಳಗೆ ಆ ಬಾತ್‌ರೂಮಿಗೆ ಒಂದು ಒಳ್ಳೆ ಫ್ಯಾನ್ ಹಾಕಿಸಬೇಕು. ಅದೇ ಸರ್ವೇಯರ್ ಮತ್ತೆ ಬಂದರೆ ಕಷ್ಟ.