ಎಂ1 ಮ್ಯಾಕ್‌ನಲ್ಲಿ ಶಾಲೆಯ ಲಿನಕ್ಸ್: ನನ್ನ ಅನುಭವ

ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆ ಕಡೆಯ ಒಂದು ಕನ್ನಡ ಮಾಧ್ಯಮ ಹೈಸ್ಕೂಲಿನಲ್ಲಿ ಐಟಿ ಪಾಠ ನನ್ನದು. ಲ್ಯಾಬಿನಲ್ಲಿರುವುದು ಕೇರಳ ಸರ್ಕಾರದ ಶಾಲಾ ತಂತ್ರಜ್ಞಾನ ಸಂಸ್ಥೆ ಕೈಟ್ ಕೊಡುವ, ಉಬುಂಟು ಮೇಲೆ ಕಟ್ಟಿದ ಲಿನಕ್ಸ್. ಮನೆಯಲ್ಲಿರುವುದು ಎಂ1 ಮ್ಯಾಕ್‌ಬುಕ್ ಏರ್, 8 ಜಿಬಿ ರ್‍ಯಾಮ್. ಪಾಠದ ತಯಾರಿ ಮನೆಯಲ್ಲೇ ಆಗಬೇಕಿದ್ದರೆ ಮ್ಯಾಕ್ ಒಳಗೆ ಒಂದು ವಿಎಂ (ವರ್ಚುವಲ್ ಮೆಷಿನ್, ಅಂದರೆ ಕಂಪ್ಯೂಟರಿನೊಳಗೆ ಓಡುವ ಇನ್ನೊಂದು ಕಂಪ್ಯೂಟರು) ಬೇಕೇ ಬೇಕು.

ಇದಕ್ಕೆ ಯುಟಿಎಂ ಎಂಬ ಉಚಿತ ಆ್ಯಪ್ ಇದೆ. ಹೊಸ ವಿಎಂ ಮಾಡಲು ಹೊರಟ ಕೂಡಲೇ ಅದು ಕೇಳುತ್ತದೆ: ವರ್ಚುವಲೈಸ್ (ಮ್ಯಾಕಿನ ಪ್ರೊಸೆಸರಿನಲ್ಲೇ ನೇರವಾಗಿ ಓಡಿಸುವುದು) ಮಾಡಬೇಕಾ, ಎಮ್ಯುಲೇಟ್ (ಬೇರೆ ಜಾತಿಯ ಪ್ರೊಸೆಸರನ್ನು ಅನುಕರಿಸುವುದು) ಮಾಡಬೇಕಾ? ಎಲ್ಲ ನಿಂತಿರುವುದು ಇಲ್ಲೇ. ಲ್ಯಾಬಿನ ಲಿನಕ್ಸ್‌ನ ಐಎಸ್‌ಒ (ಇನ್‌ಸ್ಟಾಲ್ ಮಾಡುವ ಫೈಲು) ಇಂಟೆಲ್, ಎಎಂಡಿ ಪ್ರೊಸೆಸರುಗಳಿಗೆ ಮಾಡಿದ್ದು. ನನ್ನ ಮ್ಯಾಕಿನ ಎಂ1 ಪ್ರೊಸೆಸರು ಎಆರ್‌ಎಂ ಎಂಬ ಬೇರೆ ಜಾತಿಯದ್ದು. ಹಾಗಾಗಿ ಆ ಐಎಸ್‌ಒ ಓಡಬೇಕಿದ್ದರೆ ಎಮ್ಯುಲೇಟ್ ಮಾಡಬೇಕು, ಅಂದರೆ ಯುಟಿಎಂ ಒಳಗಿರುವ ಕ್ಯುಇಎಂಯು ಎಂಬ ತಂತ್ರಾಂಶ ಪ್ರತಿಯೊಂದು ಆದೇಶವನ್ನೂ ಬದಲಿಸಿ ಕೊಡುತ್ತಾ ಹೋಗಬೇಕು. ಓಡುತ್ತದೆ, ಆದರೆ ಎಷ್ಟು ನಿಧಾನ ಅಂದರೆ ಮೆನು ಒತ್ತಿ ಚಾ ಕುಡಿದು ಬರಬಹುದು.

ನಾನು ಹಿಡಿದ ದಾರಿ ಬೇರೆ. ಉಬುಂಟು ಸರ್ವರ್‌ನ ಎಆರ್‌ಎಂ64 ಐಎಸ್‌ಒ ಇಳಿಸಿ ವರ್ಚುವಲೈಸ್ ಆರಿಸಿದೆ. ರ್‍ಯಾಮ್ 4 ಜಿಬಿ ಕೊಟ್ಟೆ. ಜಾಸ್ತಿ ಕೊಟ್ಟರೆ ಮ್ಯಾಕೇ ಏದುಸಿರು ಬಿಡುತ್ತದೆ. ಇನ್‌ಸ್ಟಾಲ್ ಮುಗಿದ ಮೇಲೆ ಐಎಸ್‌ಒ ತೆಗೆದುಬಿಡಬೇಕು, ಇಲ್ಲದಿದ್ದರೆ ಮತ್ತೆ ಇನ್‌ಸ್ಟಾಲರೇ ಎದುರು ಬರುತ್ತದೆ. ಆಮೇಲೆ ತಂತ್ರಾಂಶ ಇಳಿಸಿ ಹಾಕುವ ಆಪ್ಟ್ ಕಮಾಂಡಿನಲ್ಲಿ ಉಬುಂಟು ಡೆಸ್ಕ್‌ಟಾಪ್, ಚಿತ್ರದ ಕೆಲಸಕ್ಕೆ ಇಂಕ್‌ಸ್ಕೇಪ್, ಜಿಂಪ್, ಬರವಣಿಗೆ-ಲೆಕ್ಕಕ್ಕೆ ಲಿಬ್ರೆಆಫೀಸ್ ಹಾಕಿದೆ. ಎಆರ್‌ಎಂ ಆವೃತ್ತಿ ಯಾವುದೆಂದು ಹುಡುಕುವ ಕೆಲಸ ಇಲ್ಲ, ಆಪ್ಟ್ ತಾನಾಗಿ ಸರಿಯಾದ್ದನ್ನೇ ತರುತ್ತದೆ. ಸ್ಪೈಸ್ ವಿಡಿಏಜೆಂಟ್ ಎಂಬ ಪ್ಯಾಕೇಜು ಕೂಡ ಹಾಕಿದರೆ ಮ್ಯಾಕ್‌ನಲ್ಲಿ ಕಾಪಿ ಮಾಡಿದ್ದನ್ನು ಲಿನಕ್ಸ್‌ನಲ್ಲಿ ಪೇಸ್ಟ್ ಮಾಡಬಹುದು. ಕನ್ನಡಕ್ಕೆ ಫಾಂಟ್ಸ್-ಕೆಎನ್‌ಡಿಎ, ಐಬಸ್-ಎಂ17ಎನ್ ಎರಡು ಪ್ಯಾಕೇಜು ಸಾಕು. ಒತ್ತಕ್ಷರ ಸರಿಯಾಗಿ ಕೂರುತ್ತದೆ, ಇನ್‌ಸ್ಕ್ರಿಪ್ಟ್ ಕೀಲಿಮಣೆಯೂ ಸಿಗುತ್ತದೆ.

ತಕರಾರು ಬರುವುದು ಪೆನ್‌ಡ್ರೈವ್‌ನಲ್ಲಿ ಕೈಯಿಂದ ಕೈಗೆ ಬರುವ ಡೆಬ್ ಫೈಲುಗಳಲ್ಲಿ (ಉಬುಂಟುವಿನಲ್ಲಿ ಪ್ರೋಗ್ರಾಮು ಹಾಕುವ ಫೈಲುಗಳು). ಹೆಸರಿನ ಕೊನೆಯಲ್ಲಿ ಎಎಂಡಿ64 (ಇಂಟೆಲ್, ಎಎಂಡಿ ಪ್ರೊಸೆಸರುಗಳಿಗೆ) ಎಂದಿದ್ದರೆ ಅವನ್ನು ಹಾಕುವ ಡಿಪಿಕೆಜಿ ಕಮಾಂಡು ಬೇಡ ಅನ್ನುತ್ತದೆ, ‘ಆಲ್’ (ಎಲ್ಲ ಪ್ರೊಸೆಸರುಗಳಿಗೆ) ಎಂದಿದ್ದರೆ ಸುಮ್ನೆ ಒಪ್ಪಿಕೊಳ್ಳುತ್ತದೆ. ಮ್ಯಾಕ್‌ಒಎಸ್ 13ರಿಂದ ಲಿನಕ್ಸ್ ವಿಎಂ ಒಳಗೂ ಆಪಲ್‌ನ ಅನುವಾದಕ ತಂತ್ರಾಂಶ ರೊಸೆಟಾ ಬಳಸಿ ಇಂಟೆಲ್ ಪ್ರೋಗ್ರಾಮು ಓಡಿಸಬಹುದು. ಅದಕ್ಕೆ ಯುಟಿಎಂನಲ್ಲಿ ವಿಎಂ ಮಾಡುವಾಗಲೇ ಕ್ಯುಇಎಂಯು ಬದಲು ಆಪಲ್ ವರ್ಚುವಲೈಸೇಶನ್ ಆರಿಸಿರಬೇಕು. ಆದರೆ ಬಿಡಿ ಪ್ರೋಗ್ರಾಮುಗಳಿಗೆ ಮಾತ್ರ ಅದು. ಲ್ಯಾಬಿನ ಇಡೀ ಐಎಸ್‌ಒ ಅದರಿಂದ ಓಡುವುದಿಲ್ಲ. ಒಂದೆರಡು ಡೆಬ್‌ಗೋಸ್ಕರ ಅಷ್ಟೆಲ್ಲ ಯಾಕೆ ಅಲ್ವಾ, ನಾನು ಹಾಕಿಲ್ಲ.

ಎಸ್‌ಎಸ್‌ಎಲ್‌ಸಿ ಐಟಿ ಪರೀಕ್ಷೆಯ ಸಾಫ್ಟ್‌ವೇರನ್ನು ಮಾತ್ರ ಈ ವಿಎಂನಲ್ಲಿ ಹಾಕಲು ಹೋಗುವುದಿಲ್ಲ. ಅದಕ್ಕೆ ಲ್ಯಾಬಿನ ಲ್ಯಾಪ್‌ಟಾಪೇ ಸರಿ.