ಮಳೆಗಾಲ ಕಳೆದ ಮೇಲೆ ಏರ್‌ಗನ್ ಗುರಿ ಹೊಂದಿಸುವುದು ಹೇಗೆ?

ಕೈಲ್‌ಪೊಳ್ದ್ ಹತ್ತಿರ ಬಂತೆಂದರೆ ಕೊಡಗಿನ ಮನೆಗಳಲ್ಲಿ ಕೋವಿಗಳು ಹೊರಗೆ ಬರುತ್ತವೆ. ಸೆಪ್ಟೆಂಬರ್ ಮೊದಲ ವಾರದ ಈ ಹಬ್ಬದಲ್ಲಿ ಕೋವಿಗೆ ತೋಕ್‌ಪೂ ಎಂಬ ಹೂ ಮುಡಿಸಿ ಪೂಜೆ ಮಾಡಿದ ಮೇಲೆ ಊರ ಮೈದಾನದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ. ದೊಡ್ಡ ಕೋವಿಗಳ ಜೊತೆಗೆ ಏರ್‌ಗನ್‌ಗೂ ಈಗ ಹಲವು ಕಡೆ ಬೇರೆ ವಿಭಾಗ ಇರುತ್ತದೆ. ಆಗ ಎಲ್ಲ ಊರಲ್ಲೂ ಕೇಳಿಬರುವ ದೂರು ಒಂದೇ: ‘ಏಪ್ರಿಲ್‌ನಲ್ಲಿ ಇಟ್ಟಲ್ಲೇ ಬೀಳುತ್ತಿತ್ತು, ಈಗ ಎಲ್ಲೆಲ್ಲೋ ಹೋಗುತ್ತಿದೆ.’ ಕೂಡಲೇ ಕೈ ಸ್ಕೋಪಿನ, ಅಂದರೆ ಕೋವಿಯ ಮೇಲೆ ಕೂರಿಸಿದ ಗುರಿ ನೋಡುವ ದುರ್ಬೀನಿನ, ತಿರುಪಿಗೆ ಹೋಗುತ್ತದೆ. ಎರಡು ಕ್ಲಿಕ್ ಮೇಲೆ, ಮೂರು ಕ್ಲಿಕ್ ಎಡಕ್ಕೆ, ಮತ್ತೆರಡು ಬಲಕ್ಕೆ. ಸಂಜೆಯ ಹೊತ್ತಿಗೆ ಪೆಲೆಟ್ (ಏರ್‌ಗನ್ನಿನ ಸಣ್ಣ ಸೀಸದ ಗುಂಡು) ಡಬ್ಬಿ ಖಾಲಿಯಾಗಿರುತ್ತದೆ, ಗುರಿ ಮಾತ್ರ ಸಿಕ್ಕಿರುವುದಿಲ್ಲ.

ತಿರುಪು ತಿರುಗಿಸುವುದು ಈ ಕೆಲಸದಲ್ಲಿ ಕೊನೆಗೆ ಬರುವ ಹೆಜ್ಜೆ. ಅದಕ್ಕೆ ಮೊದಲು ಏನು ಬದಲಾಗಿದೆ ಎಂದು ಪತ್ತೆ ಮಾಡಬೇಕು. ನಮ್ಮ ಜಿಲ್ಲೆಯಲ್ಲಿ ಬಹುಪಾಲು ಬದಲಾವಣೆಗೆ ಕಾರಣ ಬಿಸಿಲೂ ಅಲ್ಲ, ಬೆಟ್ಟದ ಎತ್ತರವೂ ಅಲ್ಲ. ತೇವ.

ಕೆಲಸ ಶುರು ಮಾಡುವ ಮುನ್ನ ಎರಡು ಮಾತು. ನಳಿಗೆಯ ಒಳವ್ಯಾಸ 4.5 ಮಿಲಿಮೀಟರ್ ಒಳಗಿರುವ, ಹೊಡೆತದ ಶಕ್ತಿ 20 ಜೂಲ್ ಮೀರದ ಏರ್‌ಗನ್‌ಗೆ ಪರವಾನಗಿ ಬೇಡ. ಹಾಗೆಂದು ಅದು ಆಟಿಕೆಯಲ್ಲ, ಹತ್ತಾರು ಮೀಟರ್ ದೂರದಲ್ಲೂ ಕಣ್ಣು ತೆಗೆಯುವಷ್ಟು ಬಲ ಅದಕ್ಕಿದೆ. ಗುರಿಯ ಹಿಂದೆ ಹಳೆಯ ಬಟ್ಟೆಯನ್ನೋ ಮರಳನ್ನೋ ಒತ್ತಿ ತುಂಬಿದ ಪೆಟ್ಟಿಗೆ ಇರಲಿ, ಅದರ ಹಿಂದೆ ಮಣ್ಣಿನ ಬರೆ ಇರಲಿ. ಸಿಲ್ವರ್ ಓಕ್ ಮರಕ್ಕೆ ಕಾಗದ ಅಂಟಿಸಿ ಹೊಡೆಯಬೇಡಿ, ಪೆಲೆಟ್ ಹಾರಿ ವಾಪಸ್ ಬರುತ್ತದೆ. ಕಣ್ಣಿಗೆ ಕನ್ನಡಕ ಕಡ್ಡಾಯ. ತೋಟದ ಹಕ್ಕಿಗಳ ಮೇಲೆ ‘ಪರೀಕ್ಷೆ’ ಮಾಡುವುದಂತೂ ಕೂಡದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇರುವುದು ಏರ್‌ಗನ್ ಹಿಡಿದವರಿಗೂ ಸೇರಿಯೇ.

ಮೊದಲು ಮರ, ಆಮೇಲೆ ಕಬ್ಬಿಣ

ಕೋವಿಯನ್ನು ಮೇಜಿನ ಮೇಲಿಟ್ಟು ಮರದ ಸ್ಟಾಕಿನ ಸ್ಕ್ರೂಗಳನ್ನು ನೋಡಿ. ಸಾಮಾನ್ಯವಾಗಿ ಮುಂಭಾಗದಲ್ಲಿ ಎಡಕ್ಕೊಂದು ಬಲಕ್ಕೊಂದು, ಟ್ರಿಗರ್ ಗಾರ್ಡ್ ಬಳಿ ಒಂದೋ ಎರಡೋ ಇರುತ್ತವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮರ ತೇವ ಹೀರಿ ಉಬ್ಬುತ್ತದೆ, ಡಿಸೆಂಬರ್-ಜನವರಿಯ ಒಣ ಗಾಳಿಗೆ ಕುಗ್ಗುತ್ತದೆ. ಮಳೆಗಾಲದಲ್ಲಿ ಬಿಗಿಯಾಗಿದ್ದ ಸ್ಕ್ರೂ ಕಾಫಿ ಕೊಯ್ಲಿನ ಹೊತ್ತಿಗೆ ಸಡಿಲವಾಗುವುದು ಇದರಿಂದಲೇ. ಸ್ಪ್ರಿಂಗಿನ ಬಲದಿಂದ ಗಾಳಿ ಒತ್ತುವ ಸ್ಪ್ರಿಂಗ್ ಕೋವಿ ಪ್ರತಿ ಹೊಡೆತಕ್ಕೂ ಹಿಂದಕ್ಕೊಮ್ಮೆ ಮುಂದಕ್ಕೊಮ್ಮೆ ಒದೆಯುವುದರಿಂದ ಕಾಲು ಸುತ್ತು ಸಡಿಲವಿದ್ದರೂ ಪೆಲೆಟ್‌ಗಳು ಚೆದುರಿ ಬೀಳುತ್ತವೆ. ಸ್ಕ್ರೂ ತಲೆಯ ಸೀಳಿಗೆ ಸರಿಯಾಗಿ ಕೂರುವ ಸ್ಕ್ರೂಡ್ರೈವರ್ ಹಿಡಿದು, ಗಟ್ಟಿಯಾಗುವವರೆಗೆ ಮಾತ್ರ ತಿರುಗಿಸಿ. ಶಕ್ತಿ ಹಾಕಿ ಬಿಗಿದರೆ ಮರ ಅದುಮಿಕೊಂಡು ಮುಂದಿನ ತಿಂಗಳು ಮತ್ತೆ ಸಡಿಲವಾಗುತ್ತದೆ.

ಮುಂದೆ ನಳಿಗೆ. ಮಡಚಿ ಲೋಡ್ ಮಾಡುವ ಕೋವಿಯಾದರೆ, ಅರ್ಧ ಮಡಚಿದ ಸ್ಥಿತಿಯಲ್ಲಿ ನಳಿಗೆಯ ತುದಿ ಹಿಡಿದು ಎಡಕ್ಕೂ ಬಲಕ್ಕೂ ಮೆಲ್ಲಗೆ ಅಲ್ಲಾಡಿಸಿ. ಆಟ ಕಂಡರೆ ಮಡಚುವ ಜಾಗದ ಬೋಲ್ಟು ಸಡಿಲವಾಗಿದೆ ಎಂದರ್ಥ. ಮಡಚುವಾಗಲೂ ಪೆಲೆಟ್ ಇಡುವಾಗಲೂ ಒಂದು ಕೈ ನಳಿಗೆಯ ಮೇಲೇ ಇರಬೇಕು. ಕೊಂಡಿ ಜಾರಿದರೆ ಬೆರಳು ಹೋಗುತ್ತದೆ.

ನಳಿಗೆ ಸೇರುವ ಜಾಗದಲ್ಲಿ ರಬ್ಬರಿನ ಒಂದು ಚಿಕ್ಕ ಬಳೆ ಇರುತ್ತದೆ. ಅದು ಗಾಳಿ ಸೋರದಂತೆ ತಡೆಯುವ ಸೀಲ್. ಅದನ್ನು ಪರೀಕ್ಷಿಸಲು ಟಿಶ್ಯೂ ಕಾಗದದ ತೆಳ್ಳನೆಯ ಪಟ್ಟಿ ಸಾಕು. ಕೋವಿಗೆ ಪೆಲೆಟ್ ಹಾಕಿ ಮುಚ್ಚಿ, ಸೇರುವ ಗೆರೆಯ ಮೇಲೆ ಪಟ್ಟಿಯನ್ನು ಸುಮ್ಮನೆ ಇಟ್ಟು, ಮರಳಿನ ಪೆಟ್ಟಿಗೆಗೆ ಒಂದು ಹೊಡೆಯಿರಿ. ಪಟ್ಟಿ ಪಟಕ್ಕನೆ ಮೇಲೆ ಹಾರಿದರೆ ಗಾಳಿ ಸೋರುತ್ತಿದೆ. ಪ್ರತಿ ಹೊಡೆತಕ್ಕೂ ಬೇರೆ ಬೇರೆ ಪ್ರಮಾಣದಲ್ಲಿ ಸೋರುವುದರಿಂದ ಪೆಲೆಟ್‌ಗಳು ಒಂದರ ಕೆಳಗೊಂದು ಉದ್ದಕ್ಕೆ ಬೀಳುತ್ತವೆ. ಸೀಲ್ ಬದಲಿಸುವುದು ಕಡಿಮೆ ಖರ್ಚಿನ ಕೆಲಸ. ಅದನ್ನು ಬಿಟ್ಟು ಸ್ಕೋಪ್ ತಿರುಗಿಸುತ್ತ ಕೂತರೆ ಏನೂ ಸಿಗುವುದಿಲ್ಲ.

ಎಣ್ಣೆಯ ವಿಚಾರದಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟು. ಮಳೆಗಾಲದಲ್ಲಿ ತುಕ್ಕಿಗೆ ಹೆದರಿ ಮನೆಯಲ್ಲಿದ್ದ ಎಣ್ಣೆಯನ್ನೆಲ್ಲ ಸುರಿಯುವವರಿದ್ದಾರೆ. ಕಬ್ಬಿಣದ ಹೊರಮೈಗೆ ಗನ್ ಆಯಿಲ್ ಒರೆಸಿದ ಬಟ್ಟೆಯನ್ನು ಒಮ್ಮೆ ಆಡಿಸಿದರೆ ಸಾಕು. ಗಾಳಿ ಒತ್ತುವ ಕೋಣೆಯೊಳಗೆ ಎಣ್ಣೆ ಇಳಿದರೆ, ಪಿಸ್ಟನ್ ನುಗ್ಗಿದಾಗ ಹುಟ್ಟುವ ಶಾಖಕ್ಕೆ ಅದು ಹೊತ್ತಿಕೊಳ್ಳುತ್ತದೆ. ಬಂದೂಕಿನಂತೆ ಸದ್ದು, ನಳಿಗೆಯ ಬಾಯಲ್ಲಿ ಹೊಗೆ, ಪೆಲೆಟ್‌ನ ವೇಗ ಒಂದೊಂದು ಸಲ ಒಂದೊಂದು. ಸ್ಪ್ರಿಂಗಿಗೂ ಸೀಲಿಗೂ ಹಾನಿ. ತೆಂಗಿನೆಣ್ಣೆಯನ್ನಂತೂ ಹತ್ತಿರ ತರಬೇಡಿ. ಮಡಿಕೇರಿಯ ಚಳಿಗೆ ಬಾಟಲಿಯಲ್ಲಿ ಗಟ್ಟಿಯಾಗುವ ಎಣ್ಣೆ ಕೋವಿಯೊಳಗೂ ಗಟ್ಟಿಯಾಗುತ್ತದೆ.

ಕೋವಿಯನ್ನು ಎಲ್ಲಿ ಇಡುತ್ತೀರಿ ಎಂಬುದೂ ಗುರಿಯ ಭಾಗವೇ. ಒಳಗೆ ಸ್ಪಂಜ್ ಇರುವ ಮುಚ್ಚಿದ ಚೀಲದಲ್ಲಿ ಮಳೆಗಾಲ ಪೂರ್ತಿ ಬಿಟ್ಟರೆ ಸ್ಪಂಜ್ ತೇವ ಹಿಡಿದು ಮರಕ್ಕೆ ಬೂಷ್ಟು, ಕಬ್ಬಿಣಕ್ಕೆ ತುಕ್ಕು. ಒಲೆಯ ಮೇಲಿನ ಅಟ್ಟದಲ್ಲಿಟ್ಟರೆ ಮರ ಅತಿಯಾಗಿ ಒಣಗಿ ಸೀಳು ಬಿಡುತ್ತದೆ. ಒಳಗೋಡೆಗೆ ನೇತುಹಾಕಿ ವಾರಕ್ಕೊಮ್ಮೆ ಒರೆಸುವುದು ಒಳ್ಳೆಯದು. ಬೀರುವಿನಲ್ಲೇ ಇಡಬೇಕೆಂದರೆ ಸಿಲಿಕಾ ಜೆಲ್ ಪೊಟ್ಟಣಗಳನ್ನು ಇಟ್ಟು ಆಗಾಗ ಬದಲಿಸಿ. ಎಲ್ಲೇ ಇಟ್ಟರೂ ಮಕ್ಕಳ ಕೈಗೆ ಸಿಗದಿರಲಿ, ಎಳೆದು ಸಿದ್ಧ ಮಾಡಿದ ಸ್ಥಿತಿಯಲ್ಲಿ ಇಡಬೇಡಿ.

ಅಂಗಳ ಇಳಿಜಾರಾದರೆ

ಕೊಡಗಿನಲ್ಲಿ ಸಮತಟ್ಟಾದ ಜಾಗವೆಂದರೆ ಗದ್ದೆ ಮತ್ತು ಕಾಫಿ ಕಣ. ಉಳಿದದ್ದೆಲ್ಲ ಇಳಿಜಾರು. ಸುತ್ತ ಬೆಟ್ಟವೇ ಇರುವಾಗ ಕಣ್ಣಿಗೆ ಯಾವುದು ನೇರ ಎಂದು ತಿಳಿಯುವುದಿಲ್ಲ, ನೆಲದ ವಾಟಕ್ಕೆ ತಕ್ಕಂತೆ ಕೋವಿಯೂ ಪಕ್ಕಕ್ಕೆ ವಾಲುತ್ತದೆ. 25 ಮೀಟರಿಗೆ ಹೊಂದಿಸಿದ ಕೋವಿ ಐದು ಡಿಗ್ರಿ ವಾಲಿದರೂ ಪೆಲೆಟ್ ಸುಮಾರು ಅರ್ಧ ಸೆಂಟಿಮೀಟರ್ ಆ ಕಡೆಗೆ ಬೀಳುತ್ತದೆ. ಇದಕ್ಕೆ ಉಪಾಯ ಸುಲಭ: ಗಾರೆ ಕೆಲಸದವರು ಗೋಡೆಗೆ ತೂಗುಗುಂಡು ಬಿಡುವ ಹಾಗೆ, ಗುರಿಯ ಪಕ್ಕ ದಾರಕ್ಕೆ ನಟ್ ಕಟ್ಟಿ ಇಳಿಬಿಡಿ. ಸ್ಕೋಪಿನ ನಿಲುಗೆರೆ ಆ ದಾರಕ್ಕೆ ಸಮಾನವಾಗಿ ನಿಲ್ಲಲಿ.

ತೀರಾ ಕಡಿದಾದ ಏರಿಗೋ ಇಳಿಜಾರಿಗೋ ಹೊಡೆದರೆ ಎರಡರಲ್ಲೂ ಪೆಲೆಟ್ ಸ್ವಲ್ಪ ಮೇಲಕ್ಕೇ ಬೀಳುತ್ತದೆ. ಆದ್ದರಿಂದ ಹೊಂದಿಸುವ ಕೆಲಸ ಕಣದಲ್ಲೇ ನಡೆಯಲಿ. ದೂರವನ್ನು ಹೆಜ್ಜೆ ಲೆಕ್ಕದಲ್ಲಿ ಅಳೆಯಬೇಡಿ, ಟೇಪು ಹಿಡಿಯಿರಿ.

ಯಾವ ದೂರ?

2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು 10 ಮೀಟರ್ ಏರ್ ರೈಫಲ್‌ನಲ್ಲಿ. ಆ ಗುರಿಯಲ್ಲಿ ಹತ್ತು ಅಂಕದ ಚುಕ್ಕೆಯ ವ್ಯಾಸ ಬರೀ ಅರ್ಧ ಮಿಲಿಮೀಟರ್. ಆದರೆ ಅದು ಒಳಾಂಗಣ, ಗಾಳಿಯಿಲ್ಲ, ದೂರ ಬದಲಾಗುವುದಿಲ್ಲ. ಊರ ಮೈದಾನದಲ್ಲಿ ದೂರ ಆಯೋಜಕರು ಹೇಳಿದಷ್ಟು. ಆದ್ದರಿಂದ ನಿಮ್ಮ ಪೆಲೆಟ್ ಎಲ್ಲಿ ಮೇಲೇರುತ್ತದೆ, ಎಲ್ಲಿ ಇಳಿಯುತ್ತದೆ ಎಂದು ಗೊತ್ತಿರಬೇಕು.

ಸ್ಕೋಪ್ ನಳಿಗೆಗಿಂತ ಸುಮಾರು ನಾಲ್ಕು ಸೆಂಟಿಮೀಟರ್ ಮೇಲಿರುತ್ತದೆ. ಪೆಲೆಟ್ ಕೆಳಗಿನಿಂದ ಹೊರಟು ನೋಟದ ಗೆರೆಯನ್ನು ಒಮ್ಮೆ ದಾಟಿ ಮೇಲೇರಿ, ಮತ್ತೆ ಇಳಿಯುವಾಗ ಇನ್ನೊಮ್ಮೆ ದಾಟುತ್ತದೆ. ಸೆಕೆಂಡಿಗೆ 240 ಮೀಟರ್ ವೇಗದ ಕೋವಿಯನ್ನು 25 ಮೀಟರಿಗೆ ಹೊಂದಿಸಿದರೆ, 15 ಮೀಟರಿನ ಆಸುಪಾಸಿನಲ್ಲೂ ಅದು ಇಟ್ಟಲ್ಲೇ ಬೀಳುತ್ತದೆ. ನಡುವೆ 20 ಮೀಟರಿನಲ್ಲಿ ಕೆಲವೇ ಮಿಲಿಮೀಟರ್ ಮೇಲೆ. ಆದರೆ 10 ಮೀಟರಿನಲ್ಲಿ ಸುಮಾರು ಮುಕ್ಕಾಲು ಸೆಂಟಿಮೀಟರ್ ಕೆಳಗೆ, 5 ಮೀಟರಿನಲ್ಲಿ ಎರಡು ಸೆಂಟಿಮೀಟರಿಗೂ ಹೆಚ್ಚು ಕೆಳಗೆ. ಹತ್ತಿರದ ಗುರಿಗೆ ಪೆಲೆಟ್ ಕೆಳಗೆ ಬೀಳುತ್ತದೆಂದರೆ ಹಲವರು ನಂಬುವುದಿಲ್ಲ. ನಿಮ್ಮ ಕೋವಿಯ ವೇಗ ಬೇರೆಯಿದ್ದರೆ ಈ ಅಂಕಿಗಳೂ ಬದಲಾಗುತ್ತವೆ. ಐದೈದು ಮೀಟರಿಗೆ ಒಂದೊಂದು ಕಾಗದ ಇಟ್ಟು ಹೊಡೆದು ನಿಮ್ಮದೇ ಲೆಕ್ಕ ಬರೆದಿಟ್ಟುಕೊಳ್ಳಿ.

ಹೊಡೆಯುವ ಕ್ರಮ

ಕೋವಿಯನ್ನು ಮನೆಯಿಂದ ತಂದ ಕೂಡಲೇ ಹೊಡೆಯಬೇಡಿ. ಅರ್ಧ ಗಂಟೆ ಹೊರಗಿನ ನೆರಳಿಗೆ ಹೊಂದಿಕೊಳ್ಳಲಿ. ಚಳಿಗಾಲದ ಬೆಳಗ್ಗೆ ಒಳಗಿನ ಗ್ರೀಸ್ ಬಿಗಿದುಕೊಂಡಿರುತ್ತದೆ, ಹಾಗಾಗಿ ಮೊದಲ ಹೊಡೆತಗಳು ನಿಧಾನ. ಐದಾರು ಪೆಲೆಟ್‌ಗಳನ್ನು ಲೆಕ್ಕಕ್ಕೆ ಹಿಡಿಯದೆ ಮರಳಿಗೆ ಹೊಡೆದುಬಿಡಿ. ನಳಿಗೆ ಒರೆಸಿದ ದಿನವಾದರೆ ಹತ್ತು-ಇಪ್ಪತ್ತಾದರೂ ಬೇಕು.

ಸ್ಪ್ರಿಂಗ್ ಕೋವಿಯನ್ನು ಗೋಡೆಯ ಮೇಲೋ ಮೇಜಿನ ಅಂಚಿಗೋ ನೇರವಾಗಿ ಒರಗಿಸಿದರೆ ಅದು ಪುಟಿಯುತ್ತದೆ, ಪೆಲೆಟ್ ಬೇರೆಡೆ ಬೀಳುತ್ತದೆ. ಮರಳಿನ ಚೀಲದ ಮೇಲೆ ನಿಮ್ಮ ಅಂಗೈ, ಅಂಗೈ ಮೇಲೆ ಕೋವಿ. ಬಿಗಿಯಾಗಿ ಹಿಡಿಯಬೇಡಿ, ಒದೆಯಲು ಬಿಡಿ. ಅಂಗೈ ಇಡುವ ಜಾಗಕ್ಕೆ ಸ್ಟಾಕಿನ ಮೇಲೆ ಟೇಪಿನ ಗುರುತು ಹಾಕಿಕೊಳ್ಳಿ, ಎರಡು ಬೆರಳಿನಷ್ಟು ಹಿಂದೆ ಮುಂದೆ ಆದರೂ ಬೀಳುವ ಜಾಗ ಬದಲಾಗುತ್ತದೆ. ಕೆನ್ನೆಯೂ ಪ್ರತಿ ಸಲ ಅದೇ ಜಾಗಕ್ಕೆ ಬರಲಿ. ದೊಡ್ಡ ರೈಫಲ್‌ಗೆಂದು ಮಾಡಿದ ಸ್ಕೋಪ್ ಹತ್ತಿರದ ದೂರದಲ್ಲಿ ಕಣ್ಣು ಸರಿದಂತೆ ಗುರಿಯನ್ನೂ ಸರಿಸಿ ತೋರಿಸುತ್ತದೆ. ಹತ್ತಿರಕ್ಕೆ ಫೋಕಸ್ ಮಾಡಬಹುದಾದ, ಏರ್‌ಗನ್‌ಗೆಂದೇ ಮಾಡಿದ ಸ್ಕೋಪ್ ಬೇಕು. ಸ್ಪ್ರಿಂಗ್ ಕೋವಿಯ ಎರಡೂ ಕಡೆಯ ಒದೆತಕ್ಕೆ ಬೇರೆಯವು ಬಾಳುವುದಿಲ್ಲ.

ಈಗ ಐದು ಪೆಲೆಟ್ ಹೊಡೆಯಿರಿ. ಒಂದು ಪೆಲೆಟ್ ನೋಡಿ ಎಂದೂ ತಿರುಪು ತಿರುಗಿಸಬೇಡಿ. ಐದೂ ಒಂದೆಡೆ ಗುಂಪಾಗಿ, ಆದರೆ ಗುರಿಯಿಂದ ದೂರ ಬಿದ್ದಿದ್ದರೆ ಮಾತ್ರ ತಿರುಪಿಗೆ ಕೆಲಸ. ಚೆದುರಿ ಬಿದ್ದಿದ್ದರೆ ಸ್ಕ್ರೂ, ಸೀಲ್, ಪೆಲೆಟ್, ಹಿಡಿತ ಇವುಗಳಲ್ಲಿ ದೋಷ ಹುಡುಕಬೇಕು.

ಗುಂಪಿನ ನಡುವಿನಿಂದ ಅಳತೆ ಹಿಡಿಯಿರಿ. ಕಾಲು ಎಂಓಎ (ಕೋನದ ಅಳತೆ, ಒಂದು ಡಿಗ್ರಿಯ ಅರವತ್ತನೇ ಒಂದು ಭಾಗ) ಕ್ಲಿಕ್ ಇರುವ ಸ್ಕೋಪಿನಲ್ಲಿ ಒಂದು ಕ್ಲಿಕ್ ಅಂದರೆ 10 ಮೀಟರಿಗೆ ಸುಮಾರು 0.7 ಮಿಲಿಮೀಟರ್, 25 ಮೀಟರಿಗೆ 1.8 ಮಿಲಿಮೀಟರ್. 25 ಮೀಟರಿನಲ್ಲಿ ಎರಡು ಸೆಂಟಿಮೀಟರ್ ಕೆಳಗೆ ಬಿದ್ದಿದ್ದರೆ ‘ಅಪ್’ ಬಾಣದ ಕಡೆಗೆ ಹನ್ನೊಂದು ಕ್ಲಿಕ್. ಸ್ಕೋಪ್ ಇಲ್ಲದ ಕೋವಿಯಲ್ಲಿ ಹಿಂದಿನ ಸೈಟನ್ನು (ಗುರಿ ನೋಡುವ ಕಚ್ಚು) ಪೆಲೆಟ್ ಎತ್ತ ಹೋಗಬೇಕೋ ಅತ್ತಲೇ ಸರಿಸಬೇಕು. ಆಮೇಲೆ ಮತ್ತೆ ಐದು ಹೊಡೆದು ನೋಡಿ.

ಪೆಲೆಟ್ ಮಾತ್ರ ಒಂದೇ ಬ್ರ್ಯಾಂಡು, ಒಂದೇ ತೂಕ, ಸಾಧ್ಯವಾದರೆ ಒಂದೇ ಬ್ಯಾಚು ಇರಲಿ. ಹೊಸ ಡಬ್ಬಿ ತೆರೆದ ದಿನ ಹಳೆಯ ಹೊಂದಾಣಿಕೆಯನ್ನು ನಂಬದೆ ಒಮ್ಮೆ ಪರೀಕ್ಷಿಸಿ. ಮಳೆಗಾಲದಲ್ಲಿ ಮುಚ್ಚಳ ಸಡಿಲವಿದ್ದ ಡಬ್ಬಿಯಲ್ಲಿ ಸೀಸದ ಮೇಲೆ ಬಿಳಿ ಪುಡಿ ಕೂತಿದ್ದರೆ ಅವನ್ನು ಬಳಸಬೇಡಿ. ಆ ಪುಡಿ ವಿಷ. ಸರಿಯಿರುವ ಪೆಲೆಟ್ ಮುಟ್ಟಿದ ಮೇಲೂ ಸೋಪು ಹಾಕಿ ಕೈ ತೊಳೆಯಿರಿ.

ಮಂಜು, ಗಾಳಿ, ಬೆಳಕು

ಪಶ್ಚಿಮದಿಂದ ಬೀಸುವ ಗಾಳಿ 25 ಮೀಟರಿನಲ್ಲಿ ಪೆಲೆಟ್ಟನ್ನು ಒಂದೆರಡು ಸೆಂಟಿಮೀಟರ್ ಸರಿಸಬಲ್ಲದು. ಅದಕ್ಕಾಗಿ ಸ್ಕೋಪ್ ಹೊಂದಿಸಿದರೆ ಗಾಳಿ ನಿಂತ ಕೂಡಲೇ ಆ ಹೊಂದಾಣಿಕೆಯೇ ತಪ್ಪಾಗುತ್ತದೆ. ಎಲೆ ಅಲ್ಲಾಡದ ಬೆಳಗಿನ ಹೊತ್ತು ಹೊಂದಿಸಿ, ಗಾಳಿಯಿದ್ದಾಗ ಗುರಿ ಹಿಡಿಯುವ ಜಾಗವನ್ನು ಮಾತ್ರ ಬದಲಿಸಿ. ಗುರಿಯ ಬಳಿ ಕಡ್ಡಿಗೆ ಕಟ್ಟಿದ ಒಂದೆಳೆ ನೂಲು ಗಾಳಿಯ ದಿಕ್ಕು ಹೇಳುತ್ತದೆ.

ತೆರೆದ ಸೈಟಿನ ಕೋವಿಗೆ ಬೆಳಕು ಗಾಳಿಯಷ್ಟೇ ತೊಂದರೆ ಕೊಡುತ್ತದೆ. ಪಕ್ಕದಿಂದ ಎಳೆ ಬಿಸಿಲು ಬಿದ್ದಾಗ ಮುಂದಿನ ಸೈಟಿನ ಒಂದು ಅಂಚು ಹೊಳೆದು, ಕಣ್ಣು ಅದರ ನಡುವನ್ನು ತಪ್ಪಾಗಿ ಅಂದಾಜು ಮಾಡುತ್ತದೆ. ಬೇರೆಡೆ ಕರ್ಪೂರ ಹಚ್ಚಿ ಒಂದು ತಗಡಿಗೆ ಮಸಿ ಹಿಡಿಸಿ, ಹತ್ತಿಯಿಂದ ಆ ಮಸಿಯನ್ನು ಸೈಟಿಗೆ ತೆಳ್ಳಗೆ ಸವರಿ. ಹೊಳಪು ಹೋಗುತ್ತದೆ.

ಸ್ಕೋಪಿನ ಗಾಜಿನ ಹೊರಗೆ ಮಂಜು ಕಟ್ಟಿದರೆ ಮೃದುವಾದ ಬಟ್ಟೆಯಿಂದ ಒರೆಸಿದರಾಯಿತು. ಒಳಗೆ ಕಟ್ಟಿದರೆ ಅದರ ಸೀಲ್ ಹೋಗಿದೆ, ಬಿಸಿಲಿಗಿಟ್ಟು ಒಣಗಿಸಿದರೂ ಮತ್ತೆ ಬರುತ್ತದೆ. ರಿಪೇರಿಗೆ ಕೊಡಬೇಕು, ಇಲ್ಲವೇ ಬದಲಿಸಬೇಕು.

ಸಿಲಿಂಡರಿನಲ್ಲಿ ಗಾಳಿ ತುಂಬುವ ಪಿಸಿಪಿ ಕೋವಿಗೆ ಒದೆತವಿಲ್ಲ, ಹಿಡಿತದ ತಕರಾರೂ ಕಡಿಮೆ. ಆದರೆ ಒತ್ತಡವನ್ನು ಒಂದೇ ಸಮ ಇಡುವ ರೆಗ್ಯುಲೇಟರ್ ಇಲ್ಲದಿದ್ದರೆ ಒತ್ತಡ ಇಳಿದಂತೆ ವೇಗ ಬದಲಾಗುತ್ತದೆ. ವೇಗ ಶೇ 5ರಷ್ಟು ತಗ್ಗಿದರೆ 10 ಮೀಟರಿನಲ್ಲಿ ವ್ಯತ್ಯಾಸ ಒಂದು ಮಿಲಿಮೀಟರ್, 25 ಮೀಟರಿನಲ್ಲಿ ಆರೇಳು ಮಿಲಿಮೀಟರ್. ಎಷ್ಟು ಬಾರ್‌ನಿಂದ ಎಷ್ಟು ಬಾರ್‌ವರೆಗೆ ಗುಂಪು ಒಂದೇ ಕಡೆ ಬೀಳುತ್ತದೆ ಎಂದು ಕಂಡುಕೊಂಡು, ಆ ಮಿತಿಯೊಳಗೆ ಮಾತ್ರ ಹೊಡೆಯಿರಿ. ತುಂಬಿದ ಕೋವಿಯನ್ನು ಬಿಸಿಲಿನಲ್ಲಿ ನಿಂತ ಜೀಪಿನೊಳಗೆ ಬಿಡಬೇಡಿ.

ಎಲ್ಲ ಮುಗಿದ ಮೇಲೆ ಹಾಳೆಯ ಮೇಲೆ ದಿನಾಂಕ, ಪೆಲೆಟ್‌ನ ಹೆಸರು ಮತ್ತು ತೂಕ, ದೂರ, ಮಳೆಯೋ ಬಿಸಿಲೋ, ಎಷ್ಟು ಕ್ಲಿಕ್ ಎಂದು ಬರೆದು ಕಾಗದದ ಗುರಿಯನ್ನೂ ಅದಕ್ಕೆ ಪಿನ್ ಮಾಡಿ. ಹೊಂದಿಸಿದ ತಿರುಪಿನ ಮೇಲೆ ಬಿಳಿ ಪೇಂಟಿನ ಸಣ್ಣ ಗೆರೆ ಎಳೆದಿಟ್ಟರೆ, ಯಾರೋ ತಿರುಗಿಸಿದ್ದರೂ ನೋಡಿದ ಕೂಡಲೇ ತಿಳಿಯುತ್ತದೆ. ಸ್ಪರ್ಧೆಯ ಬೆಳಗ್ಗೆ ಐದು ಪೆಲೆಟ್ ಹೊಡೆದು ಆ ಹಾಳೆಯ ಜೊತೆ ಹೋಲಿಸಿ ನೋಡಿ. ಗೆರೆ ಜಾಗದಲ್ಲೇ ಇದ್ದು ಗುಂಪು ಸರಿದಿದ್ದರೆ, ಮೊದಲು ಸ್ಟಾಕಿನ ಸ್ಕ್ರೂ ಮುಟ್ಟಿ ನೋಡಿ.